‘ಮ’ ಬಿದ್ದ ಮನೆ

ಬಡಿಗೇರ ಓಣಿಯ ಕೊನೆಯ ಮನೆಯಲ್ಲಿ ಒಂದು ಸಲ ‘ಲ’ ಬಿದ್ದುಹೋಗಿತ್ತು. ಆ ಮನೆಯ ಹಿರಿಯ ಈರಪ್ಪಜ್ಜನಿಗೆ ‘ಇಲ್ಲ’ ಅನ್ನಲು ಬಾರದಾಯಿತು. ಓಣಿಯವರು ಬಲು ಬೇಗ ಇದನ್ನು ಕಂಡುಕೊಂಡರು. ಏಣಿ ಕೇಳಿದರು, ಹೋಯಿತು. ಬಾವಿಹಗ್ಗ ಕೇಳಿದರು, ಹಿತ್ತಾಳೆ ಕೊಡ ಕೇಳಿದರು, ಕಡೆಗೆ ಅವನು ಮೈಚಾಚುವ ಹೊರಸನ್ನೂ ಹೊತ್ತುಕೊಂಡು ಹೋದರು. ಮುದುಕ ಜೋರಾಗಿ ಅಡ್ಡಡ್ಡ ತಲೆಯಾಡಿಸುತ್ತಿದ್ದ. ನೊಣ ಓಡಿಸುತ್ತಿದ್ದಾನೆ ಎಂದು ಜನ ತಿಳಿದುಕೊಂಡಂತೆ ಮಾಡುತ್ತಿದ್ದರು. ನಮ್ಮ ಅಕ್ಕ ಪಂಪವ್ವ ಹೋಗಿ ನೋಡಿದಳು. ಅವರ ಮನೆಗಿಡದ ಬುಡದ ಎಲೆಗಳು ಹಳದಿಯಾಗಿ ಜೋತುಬಿದ್ದಿದ್ದವು. ಶೇಂಗಾ ಹಿಂಡಿಯನ್ನು ನೀರಿನಲ್ಲಿ ಕೊಳೆಹಾಕಿಸಿ, ಅದರ ತಿಳಿಯನ್ನು ಬೇರಿಗೆ ಹಾಕಿಸಿದಳು. ಗಿಡ ಹಸಿರು ತಿರುಗಿತು. ಈರಪ್ಪಜ್ಜನ ಬಾಯಿಂದ ಮೊದಲು ಹೊರಟ ಮಾತು, ಜರಡಿ ಕೇಳಲು ಬಂದ ಪಕ್ಕದ ಮನೆಯವಳಿಗೆ: “ಇಲ್ಲ.” ಆ ದಿನವೆಲ್ಲ ಅವನು ಕಟ್ಟೆಯ ಮೇಲೆ ಕೂತು, ಯಾರೂ ಏನೂ ಕೇಳದಿದ್ದರೂ, ಹೋಗುವವರಿಗೆ ಬರುವವರಿಗೆ ‘ಇಲ್ಲ, ಇಲ್ಲ’ ಅನ್ನುತ್ತ ಸುಖಪಟ್ಟ.

ನಮ್ಮೂರಿನ ರೀತಿಯೇ ಇದು. ಮನೆಗೊಂದು ಗಿಡ, ಅದು ಒಳಗೆ, ಪಡಸಾಲೆಯ ಬೆಳಕಿಂಡಿಯ ಕೆಳಗೆ, ಮಣ್ಣಿನ ಕುಂಡದಲ್ಲಿ. ಆ ಗಿಡಕ್ಕೆ ಏನಾದರೂ ಕೊರತೆಯಾದರೆ ಮನೆಯವರ ನಾಲಿಗೆಯಿಂದ ಒಂದು ಅಕ್ಷರ ಬೀಳುತ್ತದೆ. ಗಿಡ ಚೇತರಿಸಿಕೊಂಡರೆ ಅಕ್ಷರ ಮರಳಿ ಬರುತ್ತದೆ. ಗೊಬ್ಬರ ಅತಿಯಾಗಿ ಎಲೆಯ ಅಂಚು ಸುಟ್ಟರೆ ಅದಕ್ಕೂ ಶಿಕ್ಷೆಯುಂಟು, ಅಕ್ಷರಗಳು ಎರಡೆರಡಾಗಿ ಬರುತ್ತವೆ. ನಮ್ಮ ಪಕ್ಕದ ಬೀದಿಯ ಒಬ್ಬ ಸಿರಿವಂತ ಗಿಡಕ್ಕೆ ಕುರಿಗೊಬ್ಬರ ಸುರಿದು ಸುರಿದು ಒಂದು ಬೇಸಿಗೆಯೆಲ್ಲ ‘ನನನ್ನ ಮಮನೆ’ ಎನ್ನುತ್ತ ತಿರುಗಿದ. ಜನ ನಕ್ಕರು. ಅವನೂ ನಗುತ್ತಿದ್ದ, ಎರಡೆರಡು ಸಲ.

ಅಕ್ಕ ಎಲೆ ನೋಡುವವಳು. ನಾನು ಪುರಾಣ ಹೇಳುವವನು. ಶ್ರಾವಣದಲ್ಲಿ ಮಠದ ಪಡಸಾಲೆಯಲ್ಲಿ, ಉಳಿದ ದಿನ ಯಾರು ಕರೆದರೆ ಅವರ ಮನೆಯಲ್ಲಿ. ಶಬ್ದದ ಜೊತೆ ಬಾಳುವೆ ಮಾಡಿದ್ದರಿಂದ ನನ್ನ ಕಿವಿ ಸ್ವಲ್ಪ ಹರಿತ. ಯಾರ ಬಾಯಿಂದ ಯಾವ ಅಕ್ಷರ ಜಾರಿದೆ ಎಂಬುದು ಎರಡು ಮಾತಿನಲ್ಲಿ ತಿಳಿಯುತ್ತದೆ. ಜನ ಜಾಣರು, ಬಿದ್ದ ಅಕ್ಷರವನ್ನು ಬೇರೆ ಮಾತಿನಿಂದ ಮುಚ್ಚಿಕೊಳ್ಳುತ್ತಾರೆ, ಅದಕ್ಕೇ ಅಕ್ಕ ನನ್ನನ್ನು ಕರೆದುಕೊಂಡು ಹೋಗುತ್ತಾಳೆ. “ನೀ ಕೇಳು, ನಾ ನೋಡ್ತೀನಿ. ಚೀಲಾನೂ ನೀನs ಹೊರು,” ಅನ್ನುತ್ತಾಳೆ. ಅವಳ ಚೀಲ ಹೊತ್ತು ಓಣಿ ಓಣಿ ತಿರುಗಿದ್ದನ್ನು ನಾನು ಯಾವ ಯಾತ್ರೆಗೂ ಕಡಿಮೆಯೆಂದು ತಿಳಿದಿಲ್ಲ.

ಅವಳಿಂದ ನಾನು ಕಲಿತದ್ದು ಇಷ್ಟು. ಗಿಡಕ್ಕೆ ಹಸಿವಾದಾಗ ಮೊದಲು ಯಾವ ಎಲೆ ಬಾಡಿತು ಎಂಬುದನ್ನು ನೋಡಬೇಕು. ಕೆಲವು ಸತ್ವಗಳನ್ನು ಗಿಡ ಒಂದು ಎಲೆಯಿಂದ ತೆಗೆದು ಇನ್ನೊಂದು ಎಲೆಗೆ ಕೊಡಬಲ್ಲದು. ಅಂಥದು ಕಡಿಮೆಯಾದರೆ ಬುಡದ ಹಳೆಯ ಎಲೆಗಳು ತಮ್ಮ ಹಸಿರನ್ನು ತಾವೇ ಬಿಟ್ಟುಕೊಟ್ಟು, ಮೇಲಿನ ಚಿಗುರನ್ನು ಸಾಕಿ, ತಾವು ಹಳದಿಯಾಗಿ ಉದುರುತ್ತವೆ. ಆಗ ಮನೆಯಲ್ಲಿ ಅಕ್ಷರ ಬೀಳುವುದು ಮುದುಕರಿಗೆ, ಈರಪ್ಪಜ್ಜನಿಗೆ ಬಿದ್ದ ಹಾಗೆ. ಕೆಲವು ಸತ್ವಗಳು ಹಾಗಲ್ಲ. ಒಂದು ಎಲೆ ಸೇರಿದರೆ ಅಲ್ಲಿಯೇ ಕೂತುಬಿಡುತ್ತವೆ. ಅಂಥದು ಕಡಿಮೆಯಾದರೆ ಹಳೆಯ ಎಲೆ ಹಸಿರಾಗಿಯೇ ಇರುತ್ತದೆ, ಚಿಗುರು ಬಿಳಚಿಕೊಳ್ಳುತ್ತದೆ. ಆಗ ಅಕ್ಷರ ಬೀಳುವುದು ಎಳೆಯರಿಗೆ.

ಎಳೆಯರಿಗೆ ಬಿದ್ದರೆ ಒಂದು ಭಯವುಂಟು. ಕೂಸಿನ ಜಾವಳ ತೆಗೆಯುವ ಮೊದಲು, ತಲೆಯ ಹುಟ್ಟುಗೂದಲಿಗೆ ಕತ್ತಿ ಬೀಳುವ ಮೊದಲು, ಅಕ್ಷರ ನಾಲಿಗೆಗೆ ಬಂದಿರಬೇಕು. ಬಾರದಿದ್ದರೆ ಆಮೇಲೆ ಗಿಡ ಎಷ್ಟು ಹಸಿರಾದರೂ ಅದು ಆ ನಾಲಿಗೆಗೆ ಬರುವುದಿಲ್ಲ. ನಮ್ಮ ಓಣಿಯ ರುದ್ರಪ್ಪನಿಗೆ ಹಾಗೆಯೇ ಆಗಿತ್ತು. ಅವನ ಪಾಲಿಗೆ ‘ರ’ ಬರಲೇ ಇಲ್ಲ. ಹೆಸರು ಕೇಳಿದವರಿಗೆಲ್ಲ ‘ಉದ್ದಪ್ಪ’ ಎಂದು ಹೇಳುತ್ತ ಬೆಳೆದ. ಊರೂ ಹಾಗೆಯೇ ಕರೆಯಿತು. ಮನುಷ್ಯ ನನ್ನ ಎದೆಯ ಮಟ್ಟಕ್ಕೂ ಬರುವುದಿಲ್ಲ. ಬಹಳ ಒಳ್ಳೆಯವನು, ತನ್ನ ಹೆಸರಿಗೆ ತಾನೇ ಮೊದಲು ನಗುತ್ತಾನೆ. ಆದರೆ ಪುರಾಣ ಮುಗಿದ ಮೇಲೆ ಎಲ್ಲರೂ ‘ಹರ ಹರ’ ಎಂದು ಕೈಯೆತ್ತಿದಾಗ ಅವನು ತುಟಿ ಬಿಗಿದು ಸುಮ್ಮನೆ ನಿಲ್ಲುತ್ತಾನೆ. ಅದನ್ನು ನೋಡಿದಾಗಲೆಲ್ಲ ನನ್ನ ದನಿ ಸಣ್ಣದಾಗುತ್ತದೆ.

ಒಂದು ಬೆಳಿಗ್ಗೆ ನಾನು ಪೂಜೆ ಮುಗಿಸಿ ಏಳುವಷ್ಟರಲ್ಲಿ, ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡ ಎಳೆಯ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಿದ್ದಳು. ಅಕ್ಕ ಚಹಾ ಕುಡಿಯುತ್ತ ಕೂತಿದ್ದಳು.

“ಒಳಗ ಬಾರವ್ವ. ಹೆಸರೇನು?”

ಆಕೆ ಬಾಯಿ ತೆರೆದಳು. ತುಟಿ ಕೂಡಿದವು, ದನಿ ಮಾತ್ರ ಹೊರಡಲಿಲ್ಲ. “ಸು… ಸುಂಗಲಾ,” ಎಂದಳು. ಹೇಳಿ ತಲೆ ತಗ್ಗಿಸಿದಳು.

ಅಕ್ಕ ನನ್ನ ಕಡೆ ನೋಡಿದಳು. ನಾನು ಗಾಳಿಯಲ್ಲಿ ಬೆರಳಿಂದ ‘ಮ’ ಬರೆದು ತೋರಿಸಿದೆ.

“ಸೈಕಲ್ ಅಂಗಡಿ ಕೊಟ್ರೇಶನ ಹೇಣ್ತಿ ಹೌದಲ್ಲ? ಚನ್ನವೀರವ್ವನ ಸೊಸಿ?”

“ಹೌದ್ರಿ. ಹೋದ ವರ್ಷ ಕೂಸು ಹುಟ್ಟಿತ್ರಿ. ಆವಾಗಿಂದ ಹಿಂಗ. ಅತ್ತೀಗೆ ಏನೂ ಆಗಿಲ್ಲ, ನನಗ ಆಗೇತಿ. ಕೊಟ್ರೇಶಂದು ಒಂದೊಂದ್ ಸಲ ಬರತೈತಿ, ಒಂದೊಂದ್ ಸಲ ಇಲ್ಲ.” ಕೂಸಿನ ನೆತ್ತಿಯ ಮೇಲೆ ಕೈಯಿಟ್ಟಳು. ಗುಂಗುರು ಕೂದಲು ಕಿವಿಯವರೆಗೆ ಇಳಿದಿತ್ತು. “ಗಂಗೀ ಜಾವಳ ಹತ್ತರ ಬಂತ್ರಿ. ಅಪ್ಪ ಅಂತೈತಿ, ಹಾಲು ಅಂತೈತಿ, ಬೆಕ್ಕು ಅಂತೈತಿ. ಬೆಕ್ಕಿಗೂ ಹೆಸರೈತ್ರಿ ಅದರ ಬಾಯಾಗ. ನಾ ಎದುರಿಗೆ ಹೋದ್ರ ‘ಅ’ ಅಂತ ಬಾಯಿ ತಗೀತೈತಿ, ಅಷ್ಟs ನಿಂದರತೈತಿ.”

“ಅವ್ವ ಅನ್ನಸು. ಅದಕ್ಕೇನು ‘ಮ’ ಬೇಕಾಗಿಲ್ಲಲ್ಲ.”

“ಅವ್ವ ಅಂದ್ರ ಅತ್ತಿ ಕಡಿ ನೋಡತೈತ್ರಿ. ಎಲ್ಲಾರೂ ಆಕೀಗೇ ಅವ್ವ ಅಂತಾರ. ಅದು ಆಕೀ ಹೆಸರು. ನಾವು ನನ್ನ ತವರಿನಾಗ…” ಎಂದು ನಿಂತಳು. ಅವಳ ತವರಿನಲ್ಲಿ ಹೆತ್ತವಳನ್ನು ಏನೆಂದು ಕರೆಯುತ್ತಾರೋ ಆ ಶಬ್ದ ಅವಳ ಬಾಯಲ್ಲಿ ಇರಲಿಲ್ಲ. “ನಾ ಹಡದಾಕೀನ್ನ ಕರದಂಗ ಇದು ನನ್ನ ಕರೀಲಿ ಅಂತ ಆಸೆ ಐತ್ರಿ. ಅಷ್ಟs. ಅತ್ತಿ ಇದು ತವರಿನ ದೋಷ ಅಂತಾರ.”

ಅಕ್ಕ ಬಟ್ಟಲನ್ನು ಕೆಳಗಿಟ್ಟಳು. ಚಹಾ ಇನ್ನೂ ಅರ್ಧವಿತ್ತು. ಅಕ್ಕ ಚಹಾ ಅರ್ಧಕ್ಕೆ ಬಿಟ್ಟದ್ದನ್ನು ನಾನು ನೋಡಿದ್ದು ಕಡಿಮೆ.

ಆ ಮಧ್ಯಾಹ್ನವೇ ನಾವು ಅವರ ಮನೆಗೆ ಹೋದೆವು. ಚನ್ನವೀರವ್ವ ದೇವರ ಗೂಡಿನ ಮುಂದೆ ಮಣೆಯ ಮೇಲೆ ಕೂತಿದ್ದಳು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಜಪಸರ, ಬೆನ್ನು ನೆಟ್ಟಗೆ. ಪುರಾಣ ಕೇಳಲು ಎಲ್ಲರಿಗಿಂತ ಮೊದಲು ಬಂದು ಕಂಬದ ಪಕ್ಕ ಕೂರುವವಳು; ನಾನೆಲ್ಲಾದರೂ ಒಂದು ಸಾಲು ಹಾರಿಸಿದರೆ ಕೆಮ್ಮುವವಳು.

“ಬರ್ರಿ ಅಯ್ಯನವರ. ಅಕ್ಕನ ಚೀಲಾ ಹೊರೂದು ಛಲೋ ಕಲತೀರಿ. ಪುರಾಣಕ್ಕ ರಜಾ ಕೊಟ್ರೇನು?”

“ಚೀಲದಾಗ ಪುರಾಣಕ್ಕಿಂತ ಹೆಚ್ಚಿಂದು ಐತಿ ಯವ್ವಾ,” ಎಂದೆ.

“ಹಂಗಾರ ನನ್ನ ಮಾತು ಕೇಳ್ರಿ ಮದಲು. ಮಲ್ಲಿಗಿ. ಮಜ್ಜಿಗಿ. ಮಾವು. ಮಠ. ಮಂತ್ರ. ಏನರೆ ಬಿದ್ದೈತೇನ್ರಿ? ಈ ಮನಿ ನಾಲಿಗಿ ಗಟ್ಟಿ ಐತಿ. ಹೊರಗಿಂದ ಬಂದದ್ದs ಹುಳುಕು.” ಆಮೇಲೆ ಕೂಸನ್ನು ತೊಡೆಯ ಮೇಲೆ ಎಳೆದುಕೊಂಡಳು. ದನಿ ಅಲ್ಲಿಯೇ ಕರಗಿತು. “ಗಂಗೀ, ಅಮ್ಮ ಅನ್ನು. ನನ್ನ ತುಟಿ ನೋಡು. ಅ-ಮ್-ಮ.” ಕೂಸು ಅವಳ ತುಟಿಯನ್ನೇ ನೋಡಿತು, ಎರಡು ಬೆರಳು ಹಾಕಿ ಅವನ್ನು ಮುಟ್ಟಿ ನೋಡಿತು, ತಾನೂ ತುಟಿ ಕೂಡಿಸಿತು. “ಅ,” ಎಂದಿತು. ಮುದುಕಿ ಮತ್ತೆ ಹೇಳಿಕೊಟ್ಟಳು. ಅವಳು ದಿನವೂ ಹೀಗೆ ಹೇಳಿಕೊಡುತ್ತಾಳೆಂದು ಕೇಳಿದ್ದೆ. ಸೊಸೆಯನ್ನು ಚುಚ್ಚುವ ಬಾಯಿಯೇ ಸೊಸೆಯ ಆಸೆಯನ್ನು ಕೂಸಿಗೆ ಹೀಗೆ ಕಲಿಸುತ್ತಿದ್ದುದನ್ನು ನೋಡಿ ನನಗೆ ಆಶ್ಚರ್ಯವಾಯಿತು.

ಅಕ್ಕ ಇದಾವುದನ್ನೂ ಕಿವಿಗೆ ಹಾಕಿಕೊಳ್ಳದೆ ಗಿಡದ ಹತ್ತಿರ ಹೋಗಿದ್ದಳು. ದಾಸವಾಳ; ಕೊಟ್ರೇಶನ ಮುತ್ತಜ್ಜ ನೆಟ್ಟದ್ದಂತೆ. ಬುಡದ ಎಲೆಗಳು ಕಡುಹಸಿರು, ದಪ್ಪ. ಮೇಲಕ್ಕೆ ಹೋದಂತೆ ಬಣ್ಣ ತೆಳುವಾಗುತ್ತಿತ್ತು. ತುದಿಯ ಚಿಗುರಂತೂ ಬರಿ ಹಳದಿ, ಅದರ ನರಗಳು ಮಾತ್ರ ಹಸಿರಾಗಿ, ಹಳೆಯ ಕಾಗದದ ಮೇಲೆ ಯಾರೋ ಸಣ್ಣ ಕುಂಚದಿಂದ ಹೊಳೆಗಳನ್ನು ಬರೆದ ಹಾಗೆ ಕಾಣುತ್ತಿದ್ದವು. ರೋಗವಾದರೂ ನೋಡಲು ಚೆಂದವಿತ್ತು. ಶಿವ ಕೊರತೆಯನ್ನೂ ಅಂದಗೇಡಿಯಾಗಿ ಬರೆಯುವುದಿಲ್ಲ.

“ಕಬ್ಬಿಣ,” ಎಂದಳು ಅಕ್ಕ.

“ನಂಗೂ ಗೊತ್ತ್ರಿ,” ಎಂದ ಕೊಟ್ರೇಶ. ಅಂಗಡಿಯಿಂದ ಆಗಷ್ಟೇ ಬಂದಿದ್ದ, ಕೈಯೆಲ್ಲ ಎಣ್ಣೆ. “ಹೊಸಾ ಎಲಿ ಹಳದಿ ಆದ್ರ ಕಬ್ಬಿಣ ಕಡಿ… ಕಡಿಮಿ ಅಂತ ಊರಾಗ ಎಲ್ಲಾರೂ ಅಂತಾರ. ಹಾಕೇನಿ. ಬೇಕಾದಷ್ಟ ಹಾಕೇನಿ.”

“ಏನ್ ಹಾಕೀಯೋ ತಮ್ಮಾ?” ಎನ್ನುತ್ತ ಅಕ್ಕ ಕುಂಡದ ಮಣ್ಣಿಗೆ ಕೈ ಹಾಕಿದಳು. ಮೊದಲು ಬಂದದ್ದು ಚಕ್ರದ ಕಡ್ಡಿಗಳು. ಆಮೇಲೆ ಚೈನಿನ ತುಂಡು. ಒಂದು ಹಿಡಿ ಬೇರಿಂಗ್ ಗುಂಡುಗಳು. ಅರ್ಧ ಪೆಡಲು. ಮತ್ತೆ ಕೈ ಹಾಕಿ ಏನನ್ನೋ ಎಳೆದಾಗ ಕುಂಡದೊಳಗಿಂದ ‘ಟ್ರಿಣ್’ ಎಂದಿತು. ಬೆಕ್ಕು ಎದ್ದು ಓಡಿತು. ಸೈಕಲ್ ಗಂಟೆ.

“ಇದನ್ನ ಯಾಕ ಹುಗದಿ?”

“ಅದೂ ಕಬ್ಬಿಣ ಅಲ್ಲೇನ್ರಿ,” ಎಂದ ಕೊಟ್ರೇಶ ಸಣ್ಣ ದನಿಯಲ್ಲಿ.

ಚನ್ನವೀರವ್ವ ಕೂಡ ಸೆರಗು ಬಾಯಿಗೆ ಹಿಡಿದು ನಕ್ಕಳು. ಅಕ್ಕ ನಗಲಿಲ್ಲ. “ಇಷ್ಟ ಕಬ್ಬಿಣದ ನಡುವ ಕೂತು ಕಬ್ಬಿಣಕ್ಕ ಹಸದೈತಿ ಅಂದ್ರ ಇದರ ಬಾಯಿಗೆ ಯಾರೋ ಬೀಗ ಹಾಕ್ಯಾರ,” ಎಂದಳು. ಕುಂಡದ ಅಂಚಿನಲ್ಲಿ ಬೆಳ್ಳಗೆ ಹೊಪ್ಪಳೆ ಕಟ್ಟಿತ್ತು. ಅದನ್ನು ಉಗುರಿನಿಂದ ಕೆರೆದು, ಒಂದು ಹನಿ ನೀರು ಹಾಕಿ, ಎರಡು ಬೆರಳ ನಡುವೆ ತಿಕ್ಕಿದಳು. ಸಾಬೂನಿನ ಹಾಗೆ ಜಾರಿತು. “ಸುಮಂಗಲಾ, ಒಂದು ತಾಟಿನಾಗ ಅರಿಶಿಣ ತಾ.”

ಅರಿಶಿಣ ಬಂತು. ಅಕ್ಕ ಚೀಲದಿಂದ ಮಳೆನೀರಿನ ಶೀಸೆ ತೆಗೆದು, ಅರಿಶಿಣದ ಮೇಲೆ ಒಂದು ಹನಿ ಬಿಟ್ಟಳು. ಹಳದಿ ಹಳದಿಯಾಗಿಯೇ ಉಳಿಯಿತು. ಉಳಿದ ನೀರನ್ನು ಕುಂಡಕ್ಕೆ ನಿಧಾನವಾಗಿ ಹೊಯ್ದು, ಕೆಳಗಿನ ತೂತಿನಿಂದ ಇಳಿದದ್ದನ್ನು ಅಂಗೈಯಲ್ಲಿ ಹಿಡಿದು ತಾಟಿನ ಇನ್ನೊಂದು ಬದಿಗೆ ಬಿಟ್ಟಳು. ಅರಿಶಿಣ ಕೆಂಪಾಯಿತು. ನಮ್ಮ ಕಣ್ಣೆದುರಿಗೇ, ಮದುವೆಮನೆಯ ಬಾಗಿಲಲ್ಲಿ ದೃಷ್ಟಿ ತೆಗೆಯುವ ನೀರಿನ ಬಣ್ಣ.

“ಆರತಿ ನೀರು,” ಎಂದಳು ಚನ್ನವೀರವ್ವ. ಅರಿಶಿಣ ಕೆಂಪಾಗಬೇಕಾದರೆ ಏನು ಬೇಕೆಂದು ಆರತಿ ಮಾಡಿದ ಹೆಂಗಸರಿಗೆಲ್ಲ ಗೊತ್ತು. ಅವಳ ಮುಖ ಬಿಗಿಯಿತು. “ಸುಣ್ಣ. ಗಿಡಕ್ಕ ಸುಣ್ಣ ಹಾಕ್ಯಾರ. ನನಗ ಎಲಿ ಅಡಿಕಿ ಚಟ ಇಲ್ಲ. ಸುಣ್ಣದ ಡಬ್ಬಿ ತವರಿಂದ ತಂದಾಕಿ ಯಾರು, ಕೇಳ್ರಿ.”

“ನಾ ಹಾಕಿಲ್ಲ,” ಎಂದಳು ಸುಮಂಗಲಾ. ಇನ್ನೂ ಏನೋ ಹೇಳಲು ಹೋದಳು. ಅದರಲ್ಲಿ ‘ಮ’ ಇದ್ದಿರಬೇಕು. ತುಟಿ ಕೂಡಿ, ಬಿಟ್ಟು, ಕಣ್ಣು ತುಂಬಿತು. ತನ್ನ ಕಡೆಯ ಮಾತನ್ನು ಹೇಳಿಕೊಳ್ಳಲೂ ಒಂದು ಅಕ್ಷರ ಬೇಕಾದವಳ ಕಷ್ಟವನ್ನು ನಾನು ಅಂದು ನೋಡಿದೆ. ಕೊಟ್ರೇಶ ನೆಲ ನೋಡುತ್ತ ನಿಂತಿದ್ದ.

ಅಕ್ಕ ಯಾರ ಮುಖವನ್ನೂ ನೋಡಲಿಲ್ಲ. ಅವಳ ಕಣ್ಣು ದೇವರ ಗೂಡಿನ ಮೇಲಿತ್ತು. ಅಲ್ಲಿ ಲಿಂಗದ ಕೆಳಗೆ ಒಂದು ತಾಮ್ರದ ತಂಬಿಗೆ, ಅದರ ಕಂಠದ ಸುತ್ತ ಬೂದು ಗೆರೆ. “ಯವ್ವಾ, ಒಂದು ಹನಿ ತೀರ್ಥಾ ಕೊಡ್ರಿ.”

“ತಗೋರಿ. ತೀರ್ಥಕ್ಕೇನು ಬ್ಯಾಡ ಅಂತಾರೇನು.” ಮುದುಕಿ ಸಂತೋಷದಿಂದ ಎದ್ದು ತಂಬಿಗೆ ತಂದಳು. “ಕೂಸು ಹುಟ್ಟಿದಾಗ ಅಂಗೈಯಷ್ಟs ಇತ್ತು. ಉಳೀತೈತೋ ಇಲ್ಲೋ ಅಂದಿದ್ರು. ಆವತ್ತs ಶಿವನ್ನ ಬೇಡಿಕೊಂಡೆ. ಜಾವಳ ಆಗೂಮಟ ದಿನಾ ನಿನ್ನ ವಿಭೂತಿಯಿಂದ ತೊಳದ ನೀರು ಗಿಡಕ್ಕ ಹಾಕ್ತೀನಿ, ಗಿಡದಂಗ ನನ್ನ ಕೂಸು ಬೆಳೀಲಿ ಅಂತ. ಒಂದ್ ದಿನ ತಪ್ಪಿಸಿಲ್ಲ. ಜ್ವರಾ ಬಂದಾಗ್ಲೂ ಗ್ವಾಡಿ ಹಿಡಕೊಂಡು ಬಂದು ಹಾಕೇನಿ. ಇದಕ್ಕ ‘ಮ’ ಬರವಲ್ದು ಅಂತ ತಿಳದಮ್ಯಾಲ ಇನ್ನೊಂದು ಹಿಡಿ ವಿಭೂತಿ ಹೆಚ್ಚಿಗಿ ಕಲಸ್ತೀನಿ.”

ಅಕ್ಕ ತಂಬಿಗೆಯನ್ನು ಕಣ್ಣಿಗೆ ಒತ್ತಿಕೊಂಡಳು. ಒಂದು ಹನಿಯನ್ನು ತನ್ನ ಬಾಯಿಗೆ ಹಾಕಿಕೊಂಡಳು. ಇನ್ನೊಂದು ಹನಿಯನ್ನು ಅರಿಶಿಣದ ಮೇಲೆ ಬಿಟ್ಟಳು.

ಮೊದಲಿನದಕ್ಕಿಂತ ಕೆಂಪಗೆ ಅರಳಿತು.

ಬೆಳಕಿಂಡಿಯಿಂದ ಬಿಸಿಲು ತಾಟಿನ ಮೇಲೆಯೇ ಬಿದ್ದಿತ್ತು. ಚನ್ನವೀರವ್ವ ಅದನ್ನು ನೋಡಿದಳು, ತಂಬಿಗೆಯನ್ನು ನೋಡಿದಳು, ಕಡೆಗೆ ಸೊಸೆಯನ್ನು ನೋಡಿದಳು. ಅಕ್ಕ ಒಂದು ಮಾತನ್ನೂ ಆಡದೆ ಇದನ್ನು ತೋರಿಸಿದ್ದಳು. ನಾನಾಗಿದ್ದರೆ ಮಾತಾಡಿಬಿಡುತ್ತಿದ್ದೆ, ಮುದುಕಿಯ ಎದೆ ಒಡೆಯುತ್ತಿತ್ತು.

“ಹಂಗಾರ ನಾನs ಏನು,” ಎಂದಳು ಚನ್ನವೀರವ್ವ.

“ನೀವಲ್ರಿ, ಬೂದಿ,” ಎಂದಳು ಅಕ್ಕ. “ಶಿವನ ಮೈ ಬ್ಯಾರೆ, ಬೇರಿನ ಮೈ ಬ್ಯಾರೆ. ಅವಗ ಸೇರಿದ್ದು ಇದಕ್ಕ ಸೇರವಲ್ದು. ಬೂದಿ ಹೆಚ್ಚಾಗಿ ಬೇರಿನ ಬಾಯಿ ಮುಚ್ಚೇತಿ. ನಿಮ್ಮ ಮಗ ಸೈಕಲ್ ಅಂಗಡಿ ಪೂರಾ ತಂದು ಹುಗದ್ರೂ ಉಣ್ಣಾಕ ಬರೂದಿಲ್ಲ.” ಆಮೇಲೆ ಮುದುಕಿಯ ಕೈ ಹಿಡಿದು ಬುಡದ ಎಲೆಯೊಂದನ್ನು ಮುಟ್ಟಿಸಿದಳು. “ಈ ಎಲಿ ನೋಡ್ರಿ, ಎಷ್ಟ ಹಸರೈತಿ. ಬ್ಯಾರೆ ಹಸಿವಾಗಿದ್ರ ಇದು ತನ್ನ ಹಸರು ಕೊಟ್ಟು ಚಿಗುರನ್ನ ಉಳಸ್ತಿತ್ತು. ಕಬ್ಬಿಣ ಹಂಗ ಕೊಡಾಕ ಬರೂದಿಲ್ರಿ. ಮನಸಿಲ್ಲ ಅಂತಲ್ಲ. ಕೊಡಾಕs ಬರೂದಿಲ್ಲ.”

ಚನ್ನವೀರವ್ವ ಬಹಳ ಹೊತ್ತು ಆ ಎಲೆಯ ಮೇಲೆ ಬೆರಳಾಡಿಸಿದಳು. “ಅದಕs ನಾ ಎಷ್ಟ ಹೇಳಿಕೊಟ್ರೂ…” ಎಂದಳು.

“ಹೌದ್ರಿ.”

“ಆದ್ರ ಹರಕಿ ಜಾವಳದ ಮಟ ಐತಿ. ನಡುವ ಬಿಟ್ರ ಕೂಸಿಗೆ ತಟ್ಟಿದ್ರ? ಅಯ್ಯನವರ, ನೀವು ಹೇಳ್ರಿ. ಇಷ್ಟ ಪುರಾಣಾ ಓದೀರಿ.”

ನನಗೆ ಹರಕೆ ಮರೆತವರ ಕಥೆಗಳು ಬೇಕಾದಷ್ಟು ಗೊತ್ತಿದ್ದವು. ಅವುಗಳಲ್ಲಿ ಹಡಗು ಮುಳುಗುತ್ತವೆ, ರಾಜರು ಕುರುಡರಾಗುತ್ತಾರೆ. ಕುಂಡದ ಮುಂದೆ ನಿಂತ ಮುದುಕಿಗೆ ಹೇಳುವಂಥ ಕಥೆ ಒಂದೂ ಇರಲಿಲ್ಲ. “ನನಗ ಗೊತ್ತಿಲ್ಲ ಯವ್ವಾ,” ಎಂದೆ. ಅದು ಎಲೆ ನೋಡಿ ಹೇಳುವ ಮಾತಲ್ಲವೆಂದು ಅಕ್ಕನಿಗೂ ತಿಳಿದಿತ್ತು.

ಚನ್ನವೀರವ್ವ ದೇವರ ಗೂಡಿನ ಕಡೆ ತಿರುಗಿ ನಿಂತಳು. ತುಟಿಯಲ್ಲಿ ಏನೋ ಆಡಿಕೊಂಡಳು. ಆಮೇಲೆ ತಂಬಿಗೆಯನ್ನು ಎರಡೂ ಕೈಯಿಂದ ಎತ್ತಿದಳು.

“ಗಿಡಕ್ಕ ಹಾಕ್ತೀನಿ ಅಂದಿದ್ದೆ. ಯಾವ ಗಿಡಕ್ಕ ಅಂತ ಹೇಳಿರಲಿಲ್ಲ. ಈ ಮನ್ಯಾಗ ಎಲ್ಲಾರಿಗಿಂತ ಹಳೇ ಗಿಡ ನಾನs,” ಎಂದವಳೇ ಆ ಬೂದಿನೀರನ್ನು ಗಟಗಟ ಕುಡಿದು, ಮುಖ ಕಿವಿಚಿ, ಸೆರಗಿನಿಂದ ತುಟಿ ಒರೆಸಿಕೊಂಡಳು. “ಜಾವಳದ ಮಟ ದಿನಾ ನಾನs ಕುಡೀತೀನಿ. ನನ್ನ ಬೇರಿಗೆ ಇದು ರೂಢಿ ಐತಿ.”

ಕೊಟ್ರೇಶ ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ. ನಾನು ಮನಸ್ಸಿನಲ್ಲಿಯೇ ಆ ಮುದುಕಿಯ ಕಾಲಿಗೆ ಎರಗಿದೆ. ಭಕ್ತಿಯ ಮೇಲೆ ಇಷ್ಟು ವರ್ಷ ಪುರಾಣ ಹೇಳಿದ್ದೇನೆ. ಅದಕ್ಕೆ ಇಂಥ ಬುದ್ಧಿಯೂ ಇರುತ್ತದೆಂದು ಯಾರಿಗೂ ಹೇಳಿರಲಿಲ್ಲ.

ಆಮೇಲಿನದು ಅಕ್ಕನ ಕೆಲಸ. ಗಿಡವನ್ನು ಬೇರುಸಮೇತ ಎತ್ತಿ, ಹಳೆಯ ಮಣ್ಣನ್ನು ಮೆಲ್ಲಗೆ ಉದುರಿಸಿ, ಮಳೆನೀರಿನಲ್ಲಿ ಬೇರು ತೊಳೆದಳು. ಕುಂಡದ ಬಿಳಿ ಹೊಪ್ಪಳೆಯನ್ನು ತಿಕ್ಕಿಸಿದಳು. ಕೆಂಪುಮಣ್ಣಿಗೆ ಕೊಳೆತ ಎಲೆಯ ಗೊಬ್ಬರ ಬೆರೆಸಿ ಮತ್ತೆ ನೆಟ್ಟಳು. ಒಂದು ಕೊಡ ಮಳೆನೀರಿಗೆ ನಾಲ್ಕು ಹನಿ ನಿಂಬೆರಸ ಹಿಂಡಿ, ಅದನ್ನೇ ಹಾಕಬೇಕೆಂದು ಸುಮಂಗಲಾಳಿಗೆ ತೋರಿಸಿದಳು. ಊರ ಬಾವಿಯ ನೀರು ಸವುಳು, ಅದು ಬೇಡ. ನಿಂಬೆ ಹೆಚ್ಚೂ ಬೇಡ. ಬೀಗ ತೆಗೆಯಬೇಕು, ಬಾಗಿಲನ್ನೇ ಕೀಳಬಾರದು. “ಕಬ್ಬಿಣ ಏನೂ ಹಾಕಬ್ಯಾಡ್ರಿ. ಮಣ್ಣಾಗ ಇದ್ದದ್ದs ಸಾಕು. ಹಳದಿಯಾದ ಎಲಿ ನೋಡಿ ಅಳಬ್ಯಾಡ್ರಿ, ಅದು ಹಂಗs ಇದ್ರೂ ಇರಲಿ. ಇನ್ನ ಹುಟ್ಟೂ ಎಲಿ ನೋಡ್ರಿ.” ಹೊರಡುವಾಗ ಗಂಟೆಯನ್ನು ಕೊಟ್ರೇಶನ ಕೈಗೆ ಕೊಟ್ಟಳು. ಅವನು ಅದನ್ನು ಅಂಗಡಿಯ ಬಾಗಿಲಿಗೆ ಹಾಕಿದ್ದಾನೆ.

ಇನ್ನು ಉಳಿದದ್ದು ಕಾಯುವುದು. ಗಿಡ ತನ್ನ ಹೊತ್ತಿಗೆ ನಡೆಯುತ್ತದೆ, ಜಾವಳ ತನ್ನ ಹೊತ್ತಿಗೆ. ಚನ್ನವೀರವ್ವ ಕೂಸಿಗೆ ಹೇಳಿಕೊಡುವುದನ್ನು ಬಿಟ್ಟಳು. ಬೆಳಿಗ್ಗೆ ಮುಖ ಕಿವಿಚಿಕೊಂಡು ತಂಬಿಗೆ ಖಾಲಿ ಮಾಡಿ, ಮಣೆಯನ್ನು ಗಿಡದ ಮುಂದೆ ಹಾಕಿಕೊಂಡು ಕೂರುತ್ತಿದ್ದಳು. ಸೊಸೆಯ ತವರಿನ ಸುದ್ದಿ ಎತ್ತುತ್ತಿರಲಿಲ್ಲ. ಸಂಗತಿ ಓಣಿಗೆಲ್ಲ ತಿಳಿಯಿತು. ನಮ್ಮೂರ ಜನರ ಒಂದು ಗುಣ ನನಗೆ ಬಹಳ ಸೇರುತ್ತದೆ. ಅಕ್ಷರ ಬಿದ್ದವರ ಮುಂದೆ ಆ ಅಕ್ಷರವನ್ನು ಅವರೂ ಆಡುವುದಿಲ್ಲ. ಹೂವಿನ ಹೆಂಗಸು ಆ ಮನೆಯ ಮುಂದೆ ಬಂದಾಗ ‘ಮಲ್ಲಿಗಿ’ ಎಂದು ಕೂಗದೆ ‘ಹೂವು, ಬಿಳೀ ಹೂವು’ ಎಂದು ಕೂಗಿದಳು. ಮಜ್ಜಿಗೆಯವಳು ‘ಕಡದದ್ದು ಬೇಕೇನು’ ಎಂದಳು. ಒಂದು ದಿನ ಬಾಗಿಲಲ್ಲಿ ನಿಂತು ಗಿಡದ ಕ್ಷೇಮ ಕೇಳಿ ಹೋದವನು ಉದ್ದಪ್ಪ. ಅವನಿಗೆ ಯಾರೂ ಹೇಳಿರಲಿಲ್ಲ, ತಾನಾಗಿ ಬಂದಿದ್ದ.

ಹೊಸ ಎಲೆ ಹುಟ್ಟಿತು. ಹಳದಿಯಾಗಿಯೇ ಹುಟ್ಟಿತು. ಸುಮಂಗಲಾ ಓಡಿ ಬಂದು ಅಕ್ಕನ ಮುಂದೆ ನಿಂತಳು. “ಎಲ್ಲಾ ಎಲೀನೂ ಹುಟ್ಟತ ಬಿಳಚs ಇರ್ತಾವು, ತಡಕೋ,” ಎಂದು ಅಕ್ಕ ಕಳಿಸಿದಳು. ಆದರೆ ಅಂದಿನಿಂದ ಅಕ್ಕನಿಗೇ ಆ ಓಣಿಯಲ್ಲಿ ದಿನಕ್ಕೊಂದು ಕೆಲಸ ಹುಟ್ಟತೊಡಗಿತು. ಸೂಜಿ ಕೇಳಲು, ಸೂಜಿ ಕೊಡಲು.

ಜಾವಳದ ಬೆಳಿಗ್ಗೆ ನಾವು ಹೋದಾಗ ಎಲೆ ಅಂಗೈಯಗಲ ಆಗಿತ್ತು. ನಡುವೆ ಹಸಿರು ತುಂಬಿತ್ತು, ಅಂಚು ಇನ್ನೂ ಹಳದಿ. “ಏನಕ್ಕ?” ಎಂದೆ. “ಅರ್ಧ ಹಾದಿಯೊಳಗೈತಿ,” ಎಂದಳು. ಅವಳ ದನಿಯಲ್ಲಿ ಅಂಜಿಕೆಯಿತ್ತು. ಕೊಟ್ರೇಶ ಜಾವಳ ಮುಂದೆ ಹಾಕೋಣವೇ ಎಂದು ಕೇಳಿದ್ದನಂತೆ. ದೇವರಿಗೆ ಹೇಳಿದ ಹೊತ್ತು ಬದಲಿಸುವಂತಿಲ್ಲವೆಂದು ಸುಮಂಗಲಾಳೇ ಬೇಡವೆಂದಳಂತೆ. ಅತ್ತೆ ಅಷ್ಟು ದಿನ ಬೂದಿನೀರು ಕುಡಿದದ್ದನ್ನು ನೋಡಿದವಳು ಅವಳು.

ಪಡಸಾಲೆಯ ನಡುವೆ ಕಂಬಳಿ ಹಾಸಿದ್ದರು. ಸುಮಂಗಲಾಳ ಅಣ್ಣ, ಕೂಸಿನ ಸೋದರಮಾವ, ಗಂಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಕೊಟ್ರೇಶ ಅದರ ಕಾಲು ಹಿಡಿದಿದ್ದ. ಕೂದಲು ನೆಲಕ್ಕೆ ಬೀಳದಂತೆ ಹಿಡಿಯಲು ಚನ್ನವೀರವ್ವ ತಾಟು ಹಿಡಿದು ಕೂತಿದ್ದಳು. ಕ್ಷೌರದ ನಿಂಗಪ್ಪ ನೆತ್ತಿಗೆ ನೀರು ಹಚ್ಚಿದ. ತಣ್ಣೀರು ತಾಗಿದ್ದೇ ಕೂಸು ಬೆಚ್ಚಿತು. ಕತ್ತಿ ಕಂಡದ್ದೇ ಅಳತೊಡಗಿತು.

“ಅಪ್ಪಾ,” ಎಂದು ಕೂಗಿತು. ಅಪ್ಪ ಕಾಲನ್ನು ಇನ್ನೂ ಬಿಗಿಯಾಗಿ ಹಿಡಿದ. “ಅವ್ವಾ,” ಎಂದಿತು. ಅವ್ವ ತಾಟು ಹಿಡಿದು ಮುಂದೆ ಸರಿದಳು. “ಬೆಕ್ಕು,” ಎಂದಿತು. ಬೆಕ್ಕು ಗಿಡದ ಹಿಂದಿನಿಂದ ನೋಡಿ ಹಿತ್ತಲಿಗೆ ಹೋಯಿತು. “ಹಾಲು,” ಎಂದು ಹಾಲನ್ನೂ ಕರೆಯಿತು. ಬಂದವರು ನಕ್ಕರು. ಉದ್ದಪ್ಪ ನಗಲಿಲ್ಲ, ಕಂಬ ಹಿಡಿದು ಕತ್ತಿಯನ್ನೇ ನೋಡುತ್ತಿದ್ದ. ಕೂಸಿನ ಬಾಯಲ್ಲಿದ್ದ ಹೆಸರುಗಳೆಲ್ಲ ಮುಗಿದವು. ನಿಂಗಪ್ಪ ಮೊದಲ ಗುಂಗುರನ್ನು ಬೆರಳಲ್ಲಿ ಎತ್ತಿ ಹಿಡಿದ. ಸುಮಂಗಲಾ ನೋಡಲಾರದೆ ಗಿಡದ ಪಕ್ಕ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಕೂಸು ಅವಳ ಬೆನ್ನನ್ನು ನೋಡಿತು. ಬಾಯಿ ತೆರೆಯಿತು. “ಅ,” ಎಂದಿತು. ಯಾವತ್ತಿನ ಹಾಗೆ ಅಲ್ಲಿಯೇ ನಿಂತಿತು. ತುಟಿ ಕೂಡಿದವು. ಮುಖ ಕೆಂಪಗಾಯಿತು.

“ಅಮ್ಮಾ.”

ಕತ್ತಿ ನಿಂತಿತು. ಚನ್ನವೀರವ್ವ ತಾಟನ್ನು ಕತ್ತಿಗೆ ಅಡ್ಡ ಹಿಡಿದಳು. “ನಿಂಗಪ್ಪಾ, ತಡಿ, ಕೈ ತಗೀ,” ಎಂದಳು. “ಇನ್ನೊಂದು ಸಲ ಅಳ್ಲಿ.”

ಗಂಗಿ ಧಾರಾಳವಾಗಿ ಅತ್ತಿತು. ಅಮ್ಮಾ, ಅಮ್ಮಾ ಎಂದು ಇಡೀ ಮನೆಗೆ ಕೇಳುವಂತೆ ಅತ್ತಿತು. ಕೊಟ್ರೇಶ ಕಾಲು ಬಿಟ್ಟು ಮುಖ ಮುಚ್ಚಿಕೊಂಡ. ಉದ್ದಪ್ಪ ಎರಡೂ ಕೈ ಮೇಲೆತ್ತಿದ, ಆ ಎರಡು ಶಬ್ದ ಹೇಳಲಾರದಿದ್ದರೂ ಎತ್ತಿದ. ಅವನ ಬದಲಿಗೆ ನಾನು ಹರ ಹರ ಎಂದೆ. ಸುಮಂಗಲಾ ಬಂದು ಕೂಸಿನ ಮುಂದೆ ಮೊಣಕಾಲೂರಿ ಕೂತು ಅದರ ಗಲ್ಲ ಹಿಡಿದಳು, ಏನೋ ಅಂದಳು. ನಿಂಗಪ್ಪ ಮತ್ತೆ ಕತ್ತಿ ಎತ್ತಿಕೊಂಡ.

ಅಕ್ಕ ನನ್ನ ತೋಳು ಚಿವುಟಿದಳು. “ಕೇಳಿದೇನೋ ಶಂಭು?”

“ಕೇಳಿದೆ. ಅಮ್ಮ ಅಂತು.”

“ಕೂಸಲ್ಲೋ. ಆಕಿ. ‘ಏನ್ ಮಗಳ’ ಅಂದ್ಲು.”

ನಾನು ಕೇಳಿರಲಿಲ್ಲ. ಎಲ್ಲರ ಹಾಗೆ ಕೂಸಿನ ಬಾಯನ್ನೇ ನೋಡುತ್ತಿದ್ದೆ. ಆಗ ಕಿವಿ ಕೊಟ್ಟು ಕೇಳಿದೆ. ಸುಮಂಗಲಾ ಕೂಸಿನ ಕಣ್ಣೊರೆಸುತ್ತ, ತಾಟಿಗೆ ಬೀಳುತ್ತಿದ್ದ ಒಂದೊಂದು ಗುಂಗುರಿಗೂ ಒಂದೊಂದು ಮಾತು ಹೇಳುತ್ತಿದ್ದಳು: ಮುಗೀತು ಮಗಳ, ನನ್ನ ಮುತ್ತು, ನನ್ನ ಮಲ್ಲಿಗಿ ಮೊಗ್ಗು, ಮನಿಗಿ ಮಾಮಾ ಬಂದಾನ ನೋಡು, ಮುಗೀತು, ಮುಗೀತು. ಅಷ್ಟು ದಿನ ಎಲ್ಲಿ ಕೂಡಿಟ್ಟಿದ್ದಳೋ. ಕೂದಲೆಲ್ಲ ತೆಗೆದು ಮುಗಿದು, ಚನ್ನವೀರವ್ವ ಹರಕೆಯ ಕೊನೆಯ ತಂಬಿಗೆಯನ್ನು ಕುಡಿದು ಬೋರಲು ಹಾಕುವವರೆಗೂ, ತನ್ನ ಬಾಯಿಂದ ಏನು ಬರುತ್ತಿದೆ ಎಂಬುದು ಅವಳಿಗೆ ಗೊತ್ತೇ ಆಗಲಿಲ್ಲ.